ನಾಲ್ಕು ಯಂತ್ರ, ಒಂದು ಪಂಪು

ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ತಾಸು ಲೆಕ್ಕ ಹಾಕಿದರೆ ಅಷ್ಟಾಗುತ್ತದೆ. ನಮ್ಮ ಮನೆಯವರು ಎರಡು ವರ್ಷ ಆ ಯಂತ್ರದ ಪಕ್ಕ ಮಲಗಿ ಎದ್ದು ಬಂದರೂ ನನಗೆ ಈ ಲೆಕ್ಕ ಗೊತ್ತಿರಲಿಲ್ಲ. 2024ರ ಜುಲೈ 15, ಸೋಮವಾರ ಸಂಜೆ ಆಸ್ಪತ್ರೆಯಿಂದ ಟೆಕ್ನೀಷಿಯನ್ ಹುಡುಗನ ಫೋನು ಬಂತು. “ಅಕ್ಕೋರೇ, ನಾಳೆ ಬರಬೇಡಿ. ಮಷೀನ್ ಎಲ್ಲಾ ಸರಿ ಇದೆ. ನೀರಿಲ್ಲ.”

ಹೊರಗೆ ಮಳೆ ಹಿಡಿದು ಆಗಲೇ ಎಷ್ಟೋ ದಿನವಾಗಿತ್ತು. ಅಂಗಳದ ನೀರು ಮೆಟ್ಟಿಲಿಗೆ ಬಂದು ತಾಗುತ್ತಿತ್ತು. ಬಾವಿ ತುಂಬಿ ಕೈಗೆ ನಿಲುಕುವಷ್ಟಾಗಿತ್ತು. ಇಂಥ ದಿನ ನೀರಿಲ್ಲ ಎಂದರೆ ಏನರ್ಥ ಎಂದು ನಾನು ಫೋನು ಹಿಡಿದು ಸುಮ್ಮನೆ ನಿಂತೆ. ಹುಡುಗ ಬಿಡಿಸಿ ಹೇಳಿದ. ನಲ್ಲಿ ನೀರನ್ನು ಹಾಗೇ ಯಂತ್ರಕ್ಕೆ ಬಿಡುವಂತಿಲ್ಲ. ಆ ನೀರು ರಕ್ತಕ್ಕೆ ತೆಳುವಾದ ಒಂದು ಪೊರೆಯಷ್ಟೇ ದೂರದಲ್ಲಿ ಹರಿಯುತ್ತದೆ. ಕ್ಲೋರಿನ್, ಸುಣ್ಣದ ಅಂಶ, ರೋಗಾಣು ಒಂದೂ ಇರಬಾರದು. ಅದಕ್ಕೆ ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಇದೆ. ಮಳೆಯ ಕೆಂಪು ನೀರು ಬಂದು ಮುಂದಿನ ಫಿಲ್ಟರ್ ಕಟ್ಟಿಕೊಂಡು, ಒಳಗೆ ನೀರು ಸಿಗದೆ ಪಂಪು ಒಣಗಿ ಓಡಿ ಸುಟ್ಟುಹೋಗಿದೆ. ಬೇರೆ ಪಂಪು ಇಲ್ಲ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿನ ಸಿಸ್ಟರುಗಳು, ಆ ಹುಡುಗ, ಡಾಕ್ಟರು ನಮ್ಮನ್ನು ಮನೆಯವರಂತೆ ನೋಡಿಕೊಂಡಿದ್ದಾರೆ. ಅವರಿಗೆ ಬೇಸರವಾಗುವ ಮಾತು ನನ್ನಿಂದ ಬರುವುದು ಬೇಡ.

ನಾನು ಅಂಕೋಲೆಯವಳು. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಯಲ್ಲಿ ಓದಿ, ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದೆ. ಆದ್ದರಿಂದ ಊರಿಗೆಲ್ಲ ನಾನು ಅಕ್ಕೋರು. ನಮ್ಮ ಮನೆಯವರು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಕೆಳಗೆ ಕುಮಟಾ, ಹೊನ್ನಾವರ, ಭಟ್ಕಳ. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು. ಅದು ಸದ್ದಿಲ್ಲದೆ ಕಿಡ್ನಿಯನ್ನು ತಿಂದಿತ್ತು. 2022ರಲ್ಲಿ ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಶುಕ್ರವಾರ.

ಈ ಕಾಯಿಲೆಯಲ್ಲಿ ಮನೆಯ ಊಟವೇ ಬದಲಾಗುತ್ತದೆ. ದಿನಕ್ಕೆ ಒಂದು ಲೀಟರ್ ನೀರು, ಅದರಲ್ಲೇ ಚಹಾ, ಗಂಜಿ, ಸಾರು ಎಲ್ಲ ಬಂತು. ಕರಾವಳಿಯವರಿಗೆ ಎಳನೀರು ಮದ್ದು. ಇವರಿಗೆ ಅದು ವಿಷ, ಪೊಟ್ಯಾಶಿಯಂ ಏರಿದರೆ ಹೃದಯ ನಿಲ್ಲಬಹುದು. ಒಣಮೀನು ಇಲ್ಲ, ಉಪ್ಪಿನಕಾಯಿ ಇಲ್ಲ. ಬಾಳೆಹಣ್ಣು ಇಲ್ಲ. ತರಕಾರಿಯನ್ನು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ, ಮತ್ತೆ ಪಲ್ಯ ಮಾಡಬೇಕು. ನಮ್ಮ ಹಿತ್ತಿಲಲ್ಲಿ ಕರಿ ಇಶಾಡದ ಮರವಿದೆ. ಅಂಕೋಲೆಯ ಈ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಬಂತು, ಪತ್ರಿಕೆಯಲ್ಲಿ ಓದಿ ಇವರಿಗೆ ಎಲ್ಲಿಲ್ಲದ ಸಂಭ್ರಮ. ಆ ವರ್ಷದ ಮೊದಲ ಹಣ್ಣನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಸಿ ನೋಡಿದರು. ಆಮೇಲೆ ಪಕ್ಕದ ಮನೆಯ ಮಗುವನ್ನು ಕರೆದು ಕೊಟ್ಟುಬಿಟ್ಟರು.

ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರು. ಅಪಧಮನಿಗೂ ಅಭಿಧಮನಿಗೂ ಜೋಡಣೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳು ಗುಂಯ್ ಎಂದಂತೆ ತಿಳಿಯುತ್ತಿತ್ತು. ಆ ಸದ್ದು ನಿಂತರೆ ಜೋಡಣೆ ಮುಚ್ಚಿತು ಎಂದರ್ಥ, ದಿನಾ ಮುಟ್ಟಿ ನೋಡಿ ಎಂದು ಡಾಕ್ಟರು ಹೇಳಿದ್ದರು. ರಾತ್ರಿ ಎಚ್ಚರವಾದಾಗಲೆಲ್ಲ ನಾನು ಕತ್ತಲಲ್ಲೇ ಅವರ ಕೈ ಹುಡುಕಿ ಮುಟ್ಟಿ ನೋಡುತ್ತಿದ್ದೆ. ಇದೆ ಎಂದಾದರೆ ಮತ್ತೆ ನಿದ್ದೆ.

ಸೋಮವಾರ ಸಂಜೆಯೇ ನಾನು ಬೇರೆ ಜಾಗ ಹುಡುಕಿದೆ. ಗಂಗಾವಳಿ ಹೊಳೆಯ ಆಚೆ, ದಕ್ಷಿಣಕ್ಕೆ ಒಂದು ಆಸ್ಪತ್ರೆಯಲ್ಲಿ ಮಂಗಳವಾರ ಹನ್ನೊಂದಕ್ಕೆ ಒಂದು ಹಾಸಿಗೆ ಸಿಗುತ್ತದೆ ಎಂದರು. ಬೆಳಿಗ್ಗೆ ಒಂಬತ್ತಕ್ಕೆ ಹೊರಡುವುದೆಂದು ಪರಿಚಯದ ಆಟೋದವನಿಗೆ ಹೇಳಿಟ್ಟೆ. ಬೆಳಿಗ್ಗೆ ಇವರಿಗೆ ಅಂಗಿ ತೊಡಿಸುತ್ತಿದ್ದೆ. ಆಟೋದವನು ಅಂಗಳದಲ್ಲೇ ನಿಂತು ಕೂಗಿದ. “ಅಕ್ಕೋರೇ, ಶಿರೂರಲ್ಲಿ ಗುಡ್ಡ ಜರಿದು ಬಿದ್ದದೆ. ರಸ್ತೆನೇ ಇಲ್ಲ.”

2024ರ ಜುಲೈ 16ರ ಆ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಹೆದ್ದಾರಿಯನ್ನೇ ತಳ್ಳಿಕೊಂಡು ಗಂಗಾವಳಿಗೆ ಇಳಿಯಿತು. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬ ಹೋಯಿತು. ಗ್ಯಾಸ್ ಟ್ಯಾಂಕರ್ ಹೊಳೆಯಲ್ಲಿ ತೇಲಿತು. ಆಚೆ ದಡದ ಉಳುವರೆಯಲ್ಲಿ ಹೊಳೆಯ ನೀರೇ ಎದ್ದು ಮನೆಗಳನ್ನು ಒಡೆಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಹೊಳೆಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಆ ಚಹಾ ಅಂಗಡಿಯಲ್ಲಿ ನಮ್ಮ ಮನೆಯವರು ಎಷ್ಟೋ ಸಲ ಚಹಾ ಕುಡಿದಿದ್ದರು. ಸುದ್ದಿ ಕೇಳಿ ಹಾಸಿಗೆಯ ಮೇಲೆ ಕುಳಿತವರು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ತಮ್ಮ ಡಯಾಲಿಸಿಸ್ ತಪ್ಪಿತು ಎಂದು ಒಂದು ಮಾತೂ ಅನ್ನಲಿಲ್ಲ.

ನನ್ನ ತಲೆಯಲ್ಲಿ ಇನ್ನೊಂದು ಶಿರೂರು ಬಂದು ಕೂತಿತ್ತು. ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಶಿರೂರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಅಲ್ಲಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತರು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಬಂತೆಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಉತ್ತರ ಕನ್ನಡಕ್ಕೇ ಬೇಕು ಎಂದು 2019ರಲ್ಲಿ ಹುಡುಗರು ಮೊಬೈಲಿನಲ್ಲಿ ಬರೆದರು, 2022ರ ಆ ಅಪಘಾತದ ಮೇಲೆ ಜನ ಬೀದಿಗೂ ಬಂದರು. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅದು ಬಂದದ್ದು ಸಣ್ಣ ಮಾತಲ್ಲ. ಆದರೂ ರಸ್ತೆಯ ಮೇಲೆ ಕಳೆಯುವ ತಾಸುಗಳು ನಮ್ಮ ಪಾಲಿಗೆ ಉಳಿದೇ ಇವೆ.

ಮಂಗಳವಾರ ರಾತ್ರಿ ಇವರ ಕಾಲು ಬಾತುಕೊಂಡಿತು. ಬೆರಳಿಟ್ಟು ಒತ್ತಿದರೆ ಕುಳಿ ಬೀಳುತ್ತಿತ್ತು. ಶುಕ್ರವಾರದ ಮೇಲೆ ಮೈಯೊಳಗಿನ ನೀರು ಹೊರಗೆ ಹೋಗಿರಲಿಲ್ಲ. ಬುಧವಾರ ಊಟ ಬಿಡಿಸಿದೆ, ನೀರನ್ನು ಅರ್ಧ ಲೀಟರಿಗೆ ಇಳಿಸಿದೆ. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸುವುದು. ಸಂಜೆಗೆ ಮಲಗಲು ಆಗಲಿಲ್ಲ. ಮಲಗಿದರೆ ಎದೆಯಲ್ಲಿ ನೀರು ಏರಿದಂತಾಗಿ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಇಟ್ಟು ಕೂರಿಸಿದೆ. ಹೊರಗೆ ಮಳೆ, ಒಳಗೆ ಕರೆಂಟ್ ಇಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತ ಕೂತೆ. ಮಧ್ಯರಾತ್ರಿ ಕಳೆದ ಮೇಲೆ ಒಮ್ಮೆ ಕಣ್ಣು ತೆರೆದು, “ಘಟ್ಟದ ಮೇಲೆ ಬೇಡ. ಗೋವಾ ಕಡೆ ಹೋಗುವಾ,” ಎಂದರು. ಮೂವತ್ತು ವರ್ಷ ಮಳೆಗಾಲದ ಅರಬೈಲ್ ನೋಡಿದವರು. ಅವರ ಮಾತಿನಂತೆ ನಡೆದೆ.

ಅಕ್ಕನ ಮಗ ಕಾರು ತಂದ. ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಕಾರವಾರ ದಾಟಿ, ಕಾಳಿ ಹೊಳೆಯ ಸೇತುವೆ ದಾಟಿ, ಮಾಜಾಳಿ ಗಡಿ ದಾಟಿ ಕಾಣಕೋಣದ ಏರು ಹತ್ತಿದೆವು. ನಾನು ಹಿಂದಿನ ಸೀಟಿನಲ್ಲಿ ಅವರನ್ನು ಎದೆಗೆ ಒರಗಿಸಿಕೊಂಡು ಕೂತಿದ್ದೆ. ಒಂದು ಕೈ ಫಿಸ್ಟುಲಾದ ಮೇಲೆ. ಕಾಳಿಯ ಮೇಲಿನ ಎರಡು ಸೇತುವೆಗಳಲ್ಲಿ ಹಳೆಯದು ಮೂರೇ ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಒಂದು ಲಾರಿಯ ಸಮೇತ ಹೊಳೆಗೆ ಕುಸಿಯಿತು. ಆ ಸುದ್ದಿ ಕೇಳಿದ ದಿನ ನನಗೆ ಕೈಕಾಲು ತಣ್ಣಗಾಯಿತು.

ಗೋವಾದ ಆಸ್ಪತ್ರೆಯಲ್ಲಿ ಗುರುತಿಲ್ಲದ ರೋಗಿಯನ್ನು ಕೂಡಲೇ ಯಂತ್ರಕ್ಕೆ ಹಾಕುವುದಿಲ್ಲ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರರ ಇತ್ತೀಚಿನ ವರದಿ ಬೇಕು. ಅದು ನ್ಯಾಯವೇ, ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಕಾಯಿಲೆ ಹರಡಬಾರದು. ನಾನು ಮಾಸ್ತರಿಕೆಯ ರೂಢಿಯಂತೆ ಎಲ್ಲ ವರದಿಯನ್ನೂ ತಿಂಗಳವಾರು ಒಂದು ಫೈಲಿನಲ್ಲಿ ಇಟ್ಟಿದ್ದೆ, ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದೆ. ಆ ಫೈಲು ಆ ದಿನ ಅವರ ಜೀವ ಉಳಿಸಿತು. ಡಯಾಲಿಸಿಸ್ ರೋಗಿ ಇರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇಂಥದೊಂದು ಫೈಲು ಮಾಡಿಡಿ. ಹತ್ತೂವರೆಗೆ ಸೂಜಿ ಚುಚ್ಚಿದರು. ಹನ್ನೆರಡರ ಹೊತ್ತಿಗೆ ಅವರು ದಿಂಬಿಗೆ ತಲೆ ಇಟ್ಟು ಮಲಗಿದರು. ಬುಧವಾರ ಸಂಜೆಯ ಮೇಲೆ ಮೊದಲ ಸಲ ಚಪ್ಪಟೆಯಾಗಿ ಮಲಗಿದರು. ನಾನು ಹೊರಗಿನ ಬೆಂಚಿಗೆ ಬಂದು ಅತ್ತೆ.

ಹತ್ತು ದಿನಕ್ಕೆ ನಮ್ಮ ಕಡೆಯ ಆಸ್ಪತ್ರೆಗೆ ಪಂಪು ಬಂತು. ಮತ್ತೆ ಹೋದ ದಿನ ನಾನು ಟೆಕ್ನೀಷಿಯನ್ ಹುಡುಗನಿಗೆ, ಆ ಪ್ಲಾಂಟನ್ನು ನನಗೊಮ್ಮೆ ತೋರಿಸು ಮಾರಾಯಾ ಎಂದೆ. ವಾರ್ಡಿನ ಹಿಂದೆ ಸಣ್ಣ ಕೋಣೆ. ನೆಲವೆಲ್ಲ ಒದ್ದೆ. ಉದ್ದನೆಯ ಬಿಳಿ ಕೊಳವೆಗಳು, ನೀಲಿ ಟ್ಯಾಂಕು, ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಗಡಸು ನೀರನ್ನು ಮೆದು ಮಾಡುವ ಉಪ್ಪಿನ ಡಬ್ಬ. ಮೂಲೆಯಲ್ಲಿ ಸುಟ್ಟ ಪಂಪು ಗೋಣಿಚೀಲದ ಮೇಲೆ ಬಿದ್ದಿತ್ತು. ನಮ್ಮ ಮನೆಯ ಅಕ್ಕಿ ಅಳೆಯುವ ಕೊಳಗಕ್ಕಿಂತ ದೊಡ್ಡದಲ್ಲ. ಹೊರಗೆ ತಂಪು ವಾರ್ಡಿನಲ್ಲಿ ನಾಲ್ಕು ಯಂತ್ರಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರಿನ ಪಟ್ಟಿ. ನಾನು ಎರಡು ವರ್ಷ ಆ ಹೆಸರುಗಳಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ, ಈಗಲೂ ಮುಗಿಯುತ್ತೇನೆ. ಆದರೆ ಆ ಕೋಣೆಯಲ್ಲಿ ಯಾವ ಹೆಸರೂ ಇರಲಿಲ್ಲ.

ಆಮೇಲೆ ನಾನು ಆಸ್ಪತ್ರೆಯಲ್ಲಿ ಕಾಯುವ ನಾಲ್ಕು ತಾಸನ್ನು ಸುಮ್ಮನೆ ಕಳೆಯಲಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ, ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದೆ. ಯಾವ ವಸ್ತು, ಯಾರು ನೋಡಿಕೊಳ್ಳುತ್ತಾರೆ, ಎಷ್ಟು ತಿಂಗಳಿಗೆ ಸವೆಯುತ್ತದೆ, ಸವೆದರೆ ಯಾರು ದುಡ್ಡು ಕೊಡುತ್ತಾರೆ. ಸಿಸ್ಟರುಗಳನ್ನು ಕೇಳಿದೆ, ಹುಡುಗನನ್ನು ಕೇಳಿದೆ, ಕಸ ಗುಡಿಸುವ ಹೆಂಗಸನ್ನೂ ಕೇಳಿದೆ. ಕೊನೆಯ ಕಾಲಂ ಬಹಳ ಕಡೆ ಖಾಲಿ ಉಳಿಯಿತು. ಆರ್‌ಓ ಪ್ಲಾಂಟಿನ ಮೆಂಬ್ರೇನ್ ಸವೆಯುತ್ತದೆ. ಫಿಲ್ಟರ್ ಮಳೆಗಾಲದಲ್ಲಿ ಬೇಗ ಕಟ್ಟುತ್ತದೆ. ಇನ್ವರ್ಟರ್ ಬ್ಯಾಟರಿ ಕೆಲ ವರ್ಷಕ್ಕೆ ಸಾಯುತ್ತದೆ. ಕರೆಂಟ್ ಹೋದಾಗ ಕೊಳವೆಯಲ್ಲಿದ್ದ ರಕ್ತವನ್ನು ಸಿಸ್ಟರು ಕೈಯಿಂದ ಹಿಡಿಕೆ ತಿರುಗಿಸಿ ರೋಗಿಗೆ ವಾಪಸು ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ. ಡಯಾಲಿಸಿಸ್ ಮುಗಿದವರಿಗೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ, ಅಲ್ಲೇ ಬೀಳುತ್ತಾರೆ. ಒಂದು ಕಂಬಿಯ ಬೆಲೆ ಎಷ್ಟು? ಆದರೆ ಕಂಬಿ ಕೊಡುತ್ತೇನೆಂದು ಯಾರೂ ಆಸ್ಪತ್ರೆಗೆ ಬರುವುದಿಲ್ಲ.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆಯೂ ತಿಳಿದುಕೊಂಡೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಆರೋಗ್ಯವೂ ಅದರಲ್ಲಿ ಬರುತ್ತದೆ. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಬಂದರು, ಚತುಷ್ಪಥ ಹೆದ್ದಾರಿ ಎಂದು ಕಾರವಾರ ಅಂಕೋಲೆಯ ಜನ ಮನೆ ಗದ್ದೆ ಬಿಟ್ಟುಕೊಟ್ಟ ನೆಲವಿದು. ನನ್ನ ತವರಿನವರೂ ನೌಕಾನೆಲೆಗೆ ಮನೆ ಬಿಟ್ಟು ಬಂದವರೇ. 2020ರಲ್ಲಿ ಕೊರೊನಾ ಶುರುವಾದಾಗ ಭಟ್ಕಳದ ರೋಗಿಗಳನ್ನು ನೌಕಾಪಡೆಯ ಪತಂಜಲಿ ಆಸ್ಪತ್ರೆ ಒಳಗೆ ಕರೆದು ಗುಣಪಡಿಸಿ ಕಳಿಸಿತು, ಆ ಉಪಕಾರವನ್ನು ಈ ಜಿಲ್ಲೆ ಮರೆಯಬಾರದು. ಇಲ್ಲಿಂದ ದೊಡ್ಡವರಾದವರು ಇಲ್ಲಿನ ಆಸ್ಪತ್ರೆಗೆ ಕೊಡಬೇಕು ಎಂದು ಕೇಳುವ ಹಕ್ಕು ನಮಗಿದೆ ಎಂದೇ ನನ್ನ ನಂಬಿಕೆ. ಕೊಡುವಾಗ ಯಂತ್ರದ ಜೊತೆಗೆ ಐದು ವರ್ಷದ ದುರಸ್ತಿಯ ಕರಾರನ್ನೂ ಕೊಡಬೇಕು, ಅದಿಲ್ಲದ ಯಂತ್ರವನ್ನು ಆಸ್ಪತ್ರೆ ತೆಗೆದುಕೊಳ್ಳಲೇಬಾರದು. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಮಗನ ಪರಿಚಯದವರೊಬ್ಬರು ಹೊರದೇಶದಲ್ಲಿದ್ದಾರೆ, ನಮ್ಮ ಕಡೆಯವರೇ. ತಾಯಿಯ ನೆನಪಿಗೆ ಐದನೆಯ ಯಂತ್ರ ಕೊಡುತ್ತೇನೆಂದು ಮುಂದೆ ಬಂದರು. ನಾನು ಫೋನಿನಲ್ಲಿ ಒಂದು ತಾಸು ಮಾತಾಡಿದೆ. ಐದನೆಯ ಯಂತ್ರಕ್ಕೆ ನೀರು ಸಾಲದು, ಬ್ಯಾಟರಿ ಸಾಲದು, ಇರುವ ಒಬ್ಬ ಹುಡುಗನಿಗೆ ಕೈ ಸಾಲದು, ಆ ಹಣದಲ್ಲಿ ನೀರಿನ ಪ್ಲಾಂಟ್ ದೊಡ್ಡದು ಮಾಡಿಕೊಡಿ ಎಂದು ಬೇಡಿಕೊಂಡೆ. ಅವರು ಶಾಂತವಾಗಿ ಕೇಳಿದರು. ತಾಯಿಯ ಹೆಸರು ಜನರಿಗೆ ಕಾಣಬೇಕು ಅಕ್ಕೋರೇ ಎಂದರು. ಯಂತ್ರ ಬೇರೆ ಊರಿನ ಆಸ್ಪತ್ರೆಗೆ ಹೋಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಾಯಿಯನ್ನು ಕಳೆದುಕೊಂಡವರ ಮನಸ್ಸು ಅದು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ನಾನು ಹೋದದ್ದು ಅಂಕೋಲೆಯ ಮೀನು ಪೇಟೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗೆ ಇಳಿಯಲು ನಿಷೇಧ. ಜುಲೈ ಕೊನೆಯ ದಿನಗಳವು. ಪೇಟೆಯಲ್ಲಿ ಒಣಮೀನು ಮಾರುವವರು, ಹೊಳೆಯ ಚಿಪ್ಪು ಮಾರುವವರು ಬಿಟ್ಟರೆ ಜನವಿಲ್ಲ. ಅವರಲ್ಲಿ ಹಲವರು ನನ್ನ ಹತ್ತಿರ ಅಕ್ಷರ ಕಲಿತವರು ಅಥವಾ ಅವರ ಮಕ್ಕಳು ಕಲಿತವರು. ನಾನು ನೋಟ್‌ಬುಕ್ ತೆರೆದು, ಪಂಪು ಅಂದರೆ ಏನು, ಏಕೆ ಎರಡು ಬೇಕು ಎಂದು ಹೇಳಿದೆ. ಒಬ್ಬಾಕೆ ಸೆರಗಿನ ಗಂಟು ಬಿಚ್ಚುತ್ತ, “ದೋಣಿಗೂ ಒಂದು ಬಿಡಿ ಇಂಜಿನ್ ಭಾಗ ಇಟ್ಕೊಂಡೇ ಕಡಲಿಗೆ ಹೋಗುದಲ್ವಾ ಅಕ್ಕೋರೇ, ಇದೂ ಹಂಗೇಯಾ,” ಎಂದಳು. ನಾನು ದೊಡ್ಡವರಿಗೆಲ್ಲ ವಿವರಿಸಿ ಸೋತದ್ದನ್ನು ಅವಳು ಒಂದೇ ಮಾತಿನಲ್ಲಿ ಹಿಡಿದಿದ್ದಳು. ಹತ್ತು, ಇಪ್ಪತ್ತು, ಐವತ್ತು ಎಂದು ಕೊಟ್ಟರು. ಕಡಲು ಬಾಗಿಲು ಹಾಕಿದ ದಿನಗಳಲ್ಲಿ ಕೊಟ್ಟ ದುಡ್ಡು ಅದು. ಆಟೋ ಸ್ಟ್ಯಾಂಡಿನವರು ಕೊಟ್ಟರು. ಇವರ ಜೊತೆಗೆ ಕೆಲಸ ಮಾಡಿದ ಡ್ರೈವರ್ ಕಂಡಕ್ಟರುಗಳು ಕೊಟ್ಟರು. ಮಂಗಳವಾರ ಶುಕ್ರವಾರದ ಉಳಿದ ರೋಗಿಗಳ ಮನೆಯವರು, ತಮಗೇ ಇಲ್ಲದಿದ್ದರೂ, ಕೊಟ್ಟರು. ನನ್ನ ಪಿಂಚಣಿಯದೂ ಸೇರಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಹಣವನ್ನು ಯಾರ ಕೈಗೋ ಕೊಡುವಂತಿಲ್ಲ. ಆರೋಗ್ಯ ರಕ್ಷಾ ಸಮಿತಿ ಎಂದಿರುತ್ತದೆ, ದಾನವನ್ನು ಅಲ್ಲಿ ಕಟ್ಟಿ ರಸೀದಿ ಪಡೆಯಬೇಕು. ನಾವು ಹಣದ ಜೊತೆಗೆ ಒಂದು ಪತ್ರವನ್ನೂ ಕೊಟ್ಟೆವು. ಇದು ಬಿಡಿ ಪಂಪಿಗೆ, ಫಿಲ್ಟರಿಗೆ, ಕಂಬಿಗೆ ಮಾತ್ರ ಎಂದು. ಕಾಗದ ಮೇಜಿನಿಂದ ಮೇಜಿಗೆ ಹೋಗಿ ಬರಲು ಐದು ತಿಂಗಳು ಹಿಡಿಯಿತು. ಡಿಸೆಂಬರ್ ಕೊನೆಗೆ ಪಂಪು ಬಂತು. ಹುಡುಗ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೆಲದ ತೇವ ತಾಗದಂತೆ ಹಲಗೆಯ ಮೇಲೆ ಇಟ್ಟ. ನಮ್ಮ ಮನೆಯವರು ಆ ದಿನ ಗಾಲಿ ಕುರ್ಚಿಯಲ್ಲಿ ಆ ಕೋಣೆಗೆ ಬಂದು ಅದನ್ನು ನೋಡಿದರು. ಕೈ ಚಾಚಿ ಒಮ್ಮೆ ತಟ್ಟಿದರು. ಶೌಚಾಲಯದ ಹೊಸ ಕಂಬಿ ಹಿಡಿದು ತಾವೇ ಎದ್ದು ನಿಂತರು.

2025ರ ಫೆಬ್ರವರಿಯಲ್ಲಿ ಅವರು ಹೋದರು. ಹೃದಯ ಸೋತಿತ್ತು. ಮನೆಯಲ್ಲೇ, ನಿದ್ದೆಯಲ್ಲಿ. ನಾನು ಎಚ್ಚರವಾಗಿ ರೂಢಿಯಂತೆ ಕೈ ಮುಟ್ಟಿದೆ. ಆ ಗುಂಯ್ ಇರಲಿಲ್ಲ.

ಮಂಗಳವಾರ ಬಂತೆಂದರೆ ಬೆಳಿಗ್ಗೆ ಏಳಕ್ಕೆ ಎಚ್ಚರವಾಗಿ, ತೊಡಿಸಲು ಅಂಗಿ ಇಲ್ಲದೆ ಕೂತುಬಿಡುತ್ತಿದ್ದೆ. ಒಂದು ತಿಂಗಳು ಕಳೆದ ಮೇಲೆ ನೋಟ್‌ಬುಕ್ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಈಗ ತಿಂಗಳ ಮೊದಲ ಮಂಗಳವಾರ ಹೋಗುತ್ತೇನೆ. ಫಿಲ್ಟರಿನ ತಾರೀಕು ನೋಡುತ್ತೇನೆ, ಬ್ಯಾಟರಿಯ ನೀರು ನೋಡಿದಿರಾ ಎಂದು ಕೇಳುತ್ತೇನೆ. ಹೊಸ ರೋಗಿಗಳ ಮನೆಯವರಿಗೆ ಫೈಲು ಮಾಡುವುದು ಹೇಗೆಂದು ತೋರಿಸಿಕೊಡುತ್ತೇನೆ.

2025ರ ಜುಲೈ. ನಾನು ಅಲ್ಲಿದ್ದಾಗಲೇ ವಾರ್ಡಿನ ಯಂತ್ರಗಳೆಲ್ಲ ಒಟ್ಟಿಗೆ ಕೂಗತೊಡಗಿದವು. ನೀರಿನ ಒತ್ತಡ ಇಳಿದಿತ್ತು. ಹುಡುಗ ಹಿಂದಿನ ಕೋಣೆಗೆ ಓಡಿದ. ಅವನ ಬೆನ್ನಿಗೆ ನಾನೂ ಹೋದೆ. ಅದೇ ಕೆಂಪು ನೀರು, ಅದೇ ಸುಟ್ಟ ವಾಸನೆ. ಸಿಸ್ಟರುಗಳು ನಾಲ್ವರ ರಕ್ತವನ್ನೂ ವಾಪಸು ಹಾಕಿ ಮಲಗಿಸಿದರು. ಹುಡುಗ ಹಲಗೆಯ ಮೇಲಿನ ಪ್ಲಾಸ್ಟಿಕ್ ಹರಿದ. ನಾನು ಮೊಬೈಲಿನ ಬೆಳಕು ಹಿಡಿದು ನಿಂತೆ. ಒಂದೂಮುಕ್ಕಾಲು ತಾಸಿನಲ್ಲಿ ಕೊಳವೆಗಳಲ್ಲಿ ಮತ್ತೆ ನೀರು ಏರುವ ಸದ್ದಾಯಿತು. ಹೊರಗೆ ಬಂದರೆ, ಮೂರನೆಯ ಹಾಸಿಗೆಯ ಹುಡುಗಿ, ಕಾಲೇಜಿಗೆ ಹೋಗುವ ಹುಡುಗಿ, “ಶುರುವಾಯ್ತಾ ಅಕ್ಕೋರೇ?” ಎಂದಳು. ಆಯಿತು ಎಂದೆ.

ನೋಟ್‌ಬುಕ್ಕಿನಲ್ಲಿ ತಾರೀಕು ಬರೆದೆ. ಬಿಡಿ ಪಂಪು ಎಂಬ ಸಾಲಿನ ಎದುರು ಈಗ ಮತ್ತೆ ಖಾಲಿ. ನಾಳೆ ಮೀನು ಪೇಟೆಗೆ ಹೋಗಬೇಕು.